ಸೋಮಿಯ ಖುರಾಕು

ಹಮ್ಮ ಗೌಡನ ಎದೆ ಎಷ್ಟು ಅಗಲ ಎಂಬುದು ಕುಮಟೆ ಪೇಟೆಯ ಬೀಡಿ ಅಂಗಡಿಯಿಂದ ಹೊನ್ನಾವರದ ದೋಣಿ ಧಕ್ಕೆಯ ತನಕ ಎಲ್ಲರಿಗೂ ಗೊತ್ತಿತ್ತು. ಆ ಎದೆಯನ್ನು ಬೆಳೆಸಿದ ಒಲೆ ಯಾವುದು ಎಂದು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ಗೊಬ್ಬರ ಹಾಕಿದವರನ್ನು ಬಿಟ್ಟು ಕುಂಬಳಕಾಯಿಯನ್ನು ಹೊಗಳುವುದು ಲೋಕದ ಪದ್ಧತಿ. ಆದ್ದರಿಂದ ಈ ಕತೆ ಹಮ್ಮನದಲ್ಲ, ಅವನ ಹೆಂಡತಿ ಸೋಮಿಯದು. ಹಮ್ಮ ಇದರಲ್ಲಿ ಹೆಚ್ಚಾಗಿ ಊಟಕ್ಕೆ ಬರುತ್ತಾನೆ.

ಅವರ ಮನೆ ಇದ್ದದ್ದು ಕುಮಟೆ ಪೇಟೆಯಿಂದ ಒಂದು ಹರದಾರಿ ಆಚೆ, ಸಮುದ್ರದ ಕಡೆಯ ಕೇರಿಯಲ್ಲಿ. ಮನೆಯ ಮುಂದೆ ಒಂದು ತುಂಡು ಗದ್ದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ನೆಲದಲ್ಲಿ ಸಾಲು ಮಾಡಿ ನೀರುಳ್ಳಿ ಸಸಿ ನೆಡುವುದು ಆ ಕಡೆಯ ರೂಢಿ. ಕುಮಟೆಯ ನೀರುಳ್ಳಿ ಸಿಹಿ ಎಂದು ಘಟ್ಟದ ಮೇಲಿನವರೂ ಜಡೆ ಜಡೆಯಾಗಿ ಕೊಂಡೊಯ್ಯುತ್ತಾರೆ. ಆ ಸಿಹಿ ಎಲ್ಲಿಂದ ಬಂತೆಂದು ಕೇಳಬೇಕಾದದ್ದು ಹೆಂಗಸರ ಸೊಂಟವನ್ನು. ಗದ್ದೆಯ ಮೂಲೆಯ ಹೊಂಡಕ್ಕೆ ಇಳಿದು, ಎರಡು ಕೈಯಲ್ಲೂ ಕೊಡ ತುಂಬಿ ಮೇಲೆ ಹತ್ತಿ, ಸಾಲಿನ ನಡುವೆ ಬಗ್ಗಿ ಹುಯ್ಯಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಗಡ್ಡೆ ಬಲಿಯುವ ಹೊತ್ತಿಗೆ ಸರಿಯಾಗಿ, ಅಂದರೆ ಶಿವರಾತ್ರಿಯ ಆಚೀಚೆ, ಹೊಂಡ ಕೆಸರಾಗುತ್ತದೆ. ಪ್ರತಿ ವರ್ಷವೂ ಅರ್ಧ ನೀರುಳ್ಳಿ ಗೋಲಿಯಷ್ಟಾಗಿ ಸೋಮಿಯ ಕಣ್ಣೆದುರಿಗೇ ಒಣಗುತ್ತಿತ್ತು. ತಾನು ಹುಯ್ದ ನೀರೆಲ್ಲ ನೆಲದ ಪಾಲಾಯಿತಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಬಾವಿ.

ಬಾವಿ ತೋಡುತ್ತೇನೆಂದು ಹಮ್ಮನೇ ಹೇಳಿದ್ದ. ಮದುವೆಯಾದ ಹೊಸತರಲ್ಲಿ ತೆಂಗಿನ ಹಗ್ಗ ಹಿಡಿದು ಗದ್ದೆಯ ತಲೆಯಲ್ಲಿ ದುಂಡಗೆ ಗೆರೆ ಎಳೆದು, ಗೆರೆಯ ಮೇಲೆ ಚಿಪ್ಪಿನ ಸುಣ್ಣ ಉದುರಿಸಿದ್ದ. ಆಗ ಅವನು ಒಳ್ಳೆಯ ಮನುಷ್ಯನಾಗಿದ್ದ. ಈಗಲೂ ಒಳ್ಳೆಯವನೇ, ಆದರೆ ಆಗ ಕೆಲಸವನ್ನೂ ಮಾಡುತ್ತಿದ್ದ. ಎದುರು ಸಾಲಿನಲ್ಲಿ ಅವನು ಸುಗ್ಗಿಯ ಪದ ಗುನುಗುತ್ತ ನೀರು ಹುಯ್ಯುತ್ತಿದ್ದರೆ ಸೋಮಿಗೆ ಕೊಡದ ಭಾರ ಗೊತ್ತಾಗುತ್ತಿರಲಿಲ್ಲ.

ಅವನನ್ನು ಹಾಳು ಮಾಡಿದ್ದು ಒಂದು ಎತ್ತಿನ ಗಾಡಿ. ಪೇಟೆಯ ಗಟಾರಕ್ಕೆ ಗಾಲಿ ಇಳಿಸಿಕೊಂಡು ನಿಂತಿದ್ದ ಗಾಡಿಯನ್ನು ದಾರಿಯಲ್ಲಿ ಹೋಗುತ್ತಿದ್ದ ಹಮ್ಮ ಹೆಗಲು ಕೊಟ್ಟು ಎತ್ತಿಬಿಟ್ಟ. ಅದನ್ನು ರಮಾನಂದ ಮಾಸ್ತರು ನೋಡಿಬಿಟ್ಟರು. ಮಾಸ್ತರು ಮುಂಬಯಿಯ ಗಿರಣಿಯೊಂದರಲ್ಲಿ ಕಾರಕೂನರಾಗಿದ್ದು, ಯುದ್ಧ ಶುರುವಾದ ಮೇಲೆ ಊರಿಗೆ ಮರಳಿದವರು. ಬರುವಾಗ ಅಲ್ಲಿನ ಪೈಲ್ವಾನರ ವಿದ್ಯೆಯನ್ನೆಲ್ಲ ಕಣ್ಣಿನಲ್ಲಿ ತುಂಬಿಕೊಂಡು ಬಂದಿದ್ದರು. ಮೈಯಲ್ಲಿ ತುಂಬಿಕೊಳ್ಳಲು ಅವರ ಹೊಟ್ಟೆ ಬಿಟ್ಟಿರಲಿಲ್ಲ. ಅವರಿಗೆ ಅಜೀರ್ಣ, ಮಜ್ಜಿಗೆಯನ್ನ ಬಿಟ್ಟರೆ ಬೇರೆ ಏನೂ ದಕ್ಕದು. ಹತ್ತಿ ತುಂಬುತ್ತಿದ್ದ ಹಳೆಯ ವಖಾರಿಯಲ್ಲಿ ತಾಲೀಮು ಮನೆ ತೆರೆದು, ದಂಡ, ಬೈಠಕ್ಕು, ಗುಂಡು ಎತ್ತುವುದು ಇವನ್ನೆಲ್ಲ ಊರ ಹುಡುಗರಿಗೆ ಕಲಿಸುತ್ತಿದ್ದರು. ಗುಂಡು ಎಂದರೆ ಕರಿಕಲ್ಲಿನ ದುಂಡನೆಯ ಬಂಡೆ. ಅದನ್ನು ಮೊದಲು ಮೊಣಕಾಲಿಗೆ, ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ ತಂದು ಬೆನ್ನಿನ ಹಿಂದಕ್ಕೆ ಒಗೆಯಬೇಕು. ಹಮ್ಮ ತಾಲೀಮಿಗೆ ಸೇರಿದ ವಾರದಲ್ಲೇ ಗುಂಡನ್ನು ಎದೆಗೆ ತಂದ. ಮಾಸ್ತರು ಅವನ ಬೆನ್ನು ತಟ್ಟಿ, ಇನ್ನು ಮೇಲೆ ನೀನು ಸಂಸಾರಿಯಲ್ಲ, ಪೈಲ್ವಾನ ಎಂದರು. ಹಮ್ಮ ಅದನ್ನು ನಂಬಿದ.

ಪೈಲ್ವಾನನಾದವನಿಗೆ ಮಾಸ್ತರು ಹಾಕಿದ ಕಟ್ಟಳೆ ಎರಡು. ಒಂದು, ಅವನು ಮನೆಗೆಲಸ ಮಾಡಬಾರದು. ಶಕ್ತಿ ಎಂಬುದು ದೀಪದ ಎಣ್ಣೆ, ಕಂಡಕಂಡಲ್ಲಿ ಚೆಲ್ಲಬಾರದು. ಕೊಡ ಹೊತ್ತರೆ ಭುಜ ಇಳಿಯುತ್ತದೆ, ಗುದ್ದಲಿ ಹಿಡಿದರೆ ನರ ಬಿಗಿಯುತ್ತದೆ. ಹೀಗೆ ಮೂರು ತಾಲೂಕಿಗೆ ಬಲಶಾಲಿಯಾಗಬೇಕಾದವನು ಆ ಒಂದು ಕಲ್ಲನ್ನು ಬಿಟ್ಟು ಬೇರೆ ಏನನ್ನೂ ಎತ್ತದಂತಾದ. ಸೋಮಿ ಸೌದೆಯ ಹೊರೆ ಹೊತ್ತು ಬಂದರೆ ಹಮ್ಮ ಮರ್ಯಾದೆಯಿಂದ ಎದ್ದು ದಾರಿ ಬಿಡುತ್ತಿದ್ದ. ಬಾವಿಯ ಮಾತೆತ್ತಿದಾಗ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ; ಹೊನ್ನಾವರದಲ್ಲಿ ಗುಂಡು ಎತ್ತುವ ದೊಡ್ಡ ಪಂದ್ಯ ಆಗುವುದಿದೆಯಂತೆ, ಅದು ಮುಗಿದ ಮರುದಿನವೇ ಗುದ್ದಲಿ ಹಿಡಿಯುತ್ತೇನೆ ಎಂದ. ಆಗ ಮೈ ಎಷ್ಟು ತಯಾರಾಗಿರುತ್ತದೆಂದರೆ ಬಾವಿ ತೋಡುವುದು ಎಲೆ ಅಡಿಕೆ ಹಾಕಿದಷ್ಟೇ ಹಗುರ ಎಂದೂ ಸೇರಿಸಿದ. ಸೋಮಿ ಲೆಕ್ಕ ಹಾಕಿದಳು. ಈ ಮೈ ಬೇಗ ತಯಾರಾದಷ್ಟೂ ಬಾವಿ ಬೇಗ ಬರುತ್ತದೆ. ಗಂಡನನ್ನು ಅವಳು ಬೆಳೆಸಿದ್ದು ಬಾವಿಗಾಗಿ.

ಎರಡನೆಯ ಕಟ್ಟಳೆ ಖುರಾಕಿನದು. ಪೈಲ್ವಾನನ ಊಟಕ್ಕೆ ಊಟ ಎನ್ನಬಾರದು, ಖುರಾಕು ಎನ್ನಬೇಕು. ಬೆಳಿಗ್ಗೆ ಎದ್ದ ಕೂಡಲೇ ಬದಾಮು ಅರೆದ ಹಾಲು, ಆಮೇಲೆ ಮೊಟ್ಟೆ, ಮಧ್ಯಾಹ್ನ ತುಪ್ಪ ಸುರಿದ ಅನ್ನ, ಮಾಂಸ. ಮಾಸ್ತರು ಇದನ್ನು ಹೇಳುತ್ತಿದ್ದರೆ ಅವರ ಬಾಯಲ್ಲೇ ನೀರೂರುತ್ತಿತ್ತಂತೆ. ಊರಿಗೆ ಊರೇ ರೇಶನ್ ಅಂಗಡಿಯ ಮುಂದೆ ಸಾಲು ನಿಂತು, ಅಕ್ಕಿಯ ಬದಲು ಗೋಧಿ ತಂದು, ಇದನ್ನು ಏನು ಮಾಡುವುದಪ್ಪ ಎಂದು ಮುಖ ಮುಖ ನೋಡುತ್ತಿದ್ದ ಕಾಲ ಅದು. ಕೆಲವರು ಅದನ್ನು ಕುಚ್ಚಲಕ್ಕಿಯ ಹಾಗೆ ಗಂಜಿ ಬೇಯಿಸಿ, ಬೇಯುವುದನ್ನು ಕಾದು ಕಾದು ಹಸಿದು ಮಲಗಿದ್ದೂ ಉಂಟು.

ಸೋಮಿ ಪೇಟೆಯ ದಿನಸಿ ಅಂಗಡಿಗೆ ಹೋಗಿ ಬದಾಮು ಕೇಳಿದಳು. ಅಂಗಡಿಯವನು ಹೇಳಿದ ಕ್ರಯ ಕೇಳಿ, ಇದು ತಿನ್ನುವ ವಸ್ತುವಲ್ಲ, ಕೊರಳಿಗೆ ಹಾಕಿಕೊಳ್ಳುವುದಿರಬೇಕು ಎಂದುಕೊಂಡಳು. ಆದರೂ ಒಂದನ್ನು ಅಂಗೈಯಲ್ಲಿಟ್ಟು ನೋಡಿ ಬಂದಳು. ಮೇಲೆ ಕಂದು ಸಿಪ್ಪೆ, ಒಳಗೆ ಬಿಳಿ. ಇದನ್ನು ಎಲ್ಲೋ ಕಂಡಿದ್ದೇನಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದವಳಿಗೆ ಮನೆಯ ಮೂಲೆಯ ಮಡಕೆ ಕಂಡಿತು. ಹಿರೇಗುತ್ತಿಯ ತವರಿನಿಂದ ಪ್ರತಿ ವರ್ಷ ಬರುವ ಹಲಸಿನ ಬೇಳೆ ಅದು. ಹಣ್ಣು ತಿಂದು ಉಳಿದ ಬೇಳೆಗೆ ಕೆಮ್ಮಣ್ಣು ಬಳಿದು ಇಟ್ಟರೆ ಮಳೆಗಾಲ ದಾಟಿಯೂ ಕೆಡುವುದಿಲ್ಲ. ಹೊರಗಿನ ಬಿಳಿ ಸಿಪ್ಪೆ ಸುಲಿದರೆ ಒಳಗೆ ಅದೇ ಕಂದು ತೊಗಲು, ಅದನ್ನು ಕೆರೆದರೆ ಅದೇ ಬಿಳಿ.

ಮರುದಿನ ಬೆಳಿಗ್ಗೆ ಹಮ್ಮನ ಮುಂದೆ ಕಂಚಿನ ಬಟ್ಟಲು ಬಂತು. ಬೇಯಿಸಿದ ಹಲಸಿನ ಬೇಳೆಯನ್ನು ನುಣ್ಣಗೆ ಅರೆದು, ಗಿಡ್ಡ ದನದ ಹಾಲಿನ ಜೊತೆ ಅರ್ಧ ತೆಂಗಿನ ಹಾಲು ಸೇರಿಸಿ, ಬೆಲ್ಲ ಕದಡಿ, ಒಂದೇ ಒಂದು ಏಲಕ್ಕಿ ಗುದ್ದಿ ಹಾಕಿದ್ದಳು. ಹಮ್ಮ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಬದಾಮು ಎಂದರೆ ಸುಮ್ಮನೆ ಅಲ್ಲ, ಕುಡಿದ ಕೂಡಲೇ ತೋಳಿಗೆ ಇಳಿಯುತ್ತದೆ ಎಂದ. ಸೋಮಿ ಸೆರಗು ಬಾಯಿಗೆ ಇಟ್ಟುಕೊಂಡು ಹೊಂಡದ ಕಡೆ ಹೋದಳು. ಸುಳ್ಳು ಹೇಳಿದೆನಲ್ಲ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಬದಾಮು ಎಂದು ಹೇಳಿದ್ದು ಅವಳಲ್ಲ, ಅವನು.

ಅವಳ ದಿನದಲ್ಲಿ ಅಡಿಗೆಗೆಂದು ಪ್ರತ್ಯೇಕ ಹೊತ್ತು ಇರಲಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ನೀರು ಹುಯ್ಯಬೇಕು, ಬಿಸಿಲೇರುವ ಮುಂಚೆ ಹರಿವೆ, ಬದನೆ, ಮೂಲಂಗಿಯ ಬುಟ್ಟಿ ಹೊತ್ತು ಪೇಟೆ ಮುಟ್ಟಬೇಕು, ಬಂದು ಮತ್ತೆ ನೀರು. ಆದ್ದರಿಂದ ಅವಳು ತಾನಿಲ್ಲದಾಗಲೂ ಒಲೆ ದುಡಿಯುವ ಹಾಗೆ ಮಾಡಿಕೊಂಡಳು. ರಾತ್ರಿ ಮಲಗುವಾಗ ಹುರಳಿ ನೆನೆಹಾಕುವುದು. ಮರುದಿನ ಅದನ್ನು ಬಟ್ಟೆಯಲ್ಲಿ ಕಟ್ಟಿ ಹೊಂಡದ ತಂಪಿನಲ್ಲಿ ತೂಗುಹಾಕುವುದು. ಅದರ ಮರುದಿನ ಬೆರಳಿನ ಉಗುರಷ್ಟು ಮೊಳಕೆ ಬಂದಾಗ ಮಡಕೆಗೆ ಸುರಿದು ಭತ್ತದ ಉಮಿಯ ಬೆಂಕಿಗೆ ಇಡುವುದು. ಉಮಿ ನಿಧಾನವಾಗಿ ಉರಿಯುತ್ತದೆ, ಕಾಯುವವರು ಬೇಡ. ಅರ್ಧ ಗದ್ದೆಗೆ ನೀರಾಗುವಷ್ಟರಲ್ಲಿ ಹುರಳಿ ಬೆಂದ ವಾಸನೆ ಸಾಲಿನ ನಡುವೆಯೇ ಮೂಗಿಗೆ ಬರುತ್ತಿತ್ತು. ಬಸಿದ ನೀರಿಗೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು, ಕಾಳಿಗೆ ಕಾಯಿತುರಿ ಮತ್ತು ನುಗ್ಗೆಸೊಪ್ಪು ಸೇರಿಸಿದರೆ ಪಲ್ಯ. ಯಾರಿಗೂ ಬೇಡವಾದ ಗೋಧಿಯನ್ನು ನೆರೆಮನೆಗಳಿಂದ ಒಟ್ಟು ಮಾಡಿ ಕೋಳಿಗಳಿಗೆ ಚೆಲ್ಲಿದಳು. ಕೋಳಿಗಳು ಗೋಧಿ ತಿಂದು ಮೊಟ್ಟೆಯಿಟ್ಟವು, ಮೊಟ್ಟೆಯನ್ನು ಹಮ್ಮ ತಿಂದ. ಕೇರಿಯಲ್ಲಿ ರೇಶನ್ನಿನ ಗೋಧಿ ಸರಿಯಾಗಿ ದಕ್ಕಿದ್ದು ಅವನೊಬ್ಬನಿಗೇ.

ಇನ್ನು ಮಾಂಸದ ಬದಲು ತಾರ್ಲೆ ಮೀನು. ತಾರ್ಲೆ ಹೇರಳವಾಗಿ ಬಿದ್ದ ದಿನ ಬುಟ್ಟಿಗಟ್ಟಲೆ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಪೇಟೆಯಲ್ಲಿ ಮಾರಿ ಉಳಿದ ಸೊಪ್ಪನ್ನು ಸೋಮಿ ಮೀನಿನ ಹೆಂಗಸರಿಗೆ ಕೊಟ್ಟು ಪಡಿಯಾಗಿ ತಾರ್ಲೆ ತರುತ್ತಿದ್ದಳು. ತೆಂಗಿನ ಮರವನ್ನೇ ಅಷ್ಟೆತ್ತರ ಬೆಳೆಸಿದ ಮೀನು ಗಂಡನಿಗೆ ಸಾಲದೇ ಹೋದೀತೆ ಎಂಬುದು ಅವಳ ವಾದ. ಹುಣಸೆಹುಳಿ, ಒಣಮೆಣಸು, ನಾಲಗೆ ಜುಮ್ಮೆನ್ನಿಸುವ ಜುಮ್ಮನಕಾಯಿ ಅರೆದು ಮಣ್ಣಿನ ಪಾತ್ರೆಯಲ್ಲಿ ಕುದಿಸಿ ಇಟ್ಟರೆ ಆ ಹುಳಿ ಮರುದಿನಕ್ಕೆ ಇನ್ನೂ ರುಚಿ. ಹಮ್ಮ ಪಾತ್ರೆಯ ತಳ ಬಳಿದು, ಬೆರಳು ಚೀಪಿ, ಗುಂಡು ಎತ್ತಲು ಹೋಗುತ್ತಿದ್ದ. ಪಾತ್ರೆಗೆ ಅಂಟಿದ್ದರಲ್ಲಿ ಗಂಜಿ ಕಲಸಿಕೊಂಡು ಉಂಡು ಸೋಮಿ ಕೊಡ ಎತ್ತಲು ಹೋಗುತ್ತಿದ್ದಳು.

ಹಲಸಿನ ಬೇಳೆ ಬದಾಮಿನ ವೇಷ ಹಾಕಿದರೂ ತನ್ನ ಗುಣ ಬಿಡುತ್ತದೆಯೇ? ಹಮ್ಮನ ಹೊಟ್ಟೆ ಆಗಾಗ ಗುಡುಗತೊಡಗಿತು. ಬೈಠಕ್ಕಿನ ನಡುವೆ ತಾಲೀಮು ಮನೆಯಲ್ಲಿ ಅದು ಕೇಳಿದಾಗ ಹುಡುಗರು ನಕ್ಕರು. ಮಾಸ್ತರು ನಗಲಿಲ್ಲ. ಅಸಲಿ ಬದಾಮು ಹೊಟ್ಟೆಯಲ್ಲಿ ಹೀಗೆ ಮಾತಾಡುತ್ತದೆ, ನಿಮ್ಮ ಹೊಟ್ಟೆಗಳು ಮೂಕವಾಗಿವೆ, ಅದಕ್ಕೇ ನಿಮಗೆ ಗುಂಡು ಏಳುವುದಿಲ್ಲ ಎಂದು ಬೈದರು. ಕೆಲವು ಹುಡುಗರು ಮನೆಯವರನ್ನು ಕಾಡಿ ಬೇಡಿ ಅಂಗಡಿಯ ಬದಾಮು ತಂದು ತಿಂದರು. ಹೊಟ್ಟೆ ಮಾತಾಡಲಿಲ್ಲ. ಅಂಗಡಿಯವನೇ ಮೋಸಗಾರ ಎಂದು ತೀರ್ಮಾನವಾಯಿತು. ಹಮ್ಮನಂತೂ ಅಸಲಿ ಬದಾಮನ್ನು ಗುರುತಿಸುವುದು ಹೇಗೆ ಎಂದು ಕಟ್ಟೆಯ ಮೇಲೆ ಕೂತು ಹೇಳುವಷ್ಟು ಪಂಡಿತನಾದ. ಸೋಮಿ ಮಾತ್ರ ಮರುದಿನದಿಂದ ಅರೆಯುವಾಗ ಒಂದು ತುಂಡು ಶುಂಠಿಯನ್ನೂ ಹಾಕಿದಳು.

ಹೀಗೆ ಎರಡು ಮಳೆಗಾಲ ಕಳೆದವು. ಹಮ್ಮ ನಿಂತರೆ ಬಾಗಿಲು ತುಂಬುತ್ತಿತ್ತು. ಯುದ್ಧ ಮುಗಿದಿತ್ತು, ರೇಶನ್ ಮುಗಿದಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹೊನ್ನಾವರದ ಪಂದ್ಯದ ದಿನ ಗೊತ್ತಾಯಿತು. ಸೋಮಿಗೂ ನೋಡುವ ಆಸೆಯಿತ್ತು. ತಾನು ಕಟ್ಟಿದ ಮೈ ಅಲ್ಲವೇ? ಆದರೆ ನೀರುಳ್ಳಿ ಒಂದು ಹೊತ್ತು ನೀರು ತಪ್ಪಿದರೂ ತಲೆ ಬಾಗಿಸುವ ಬೆಳೆ. ಅವಳು ಮನೆಯಲ್ಲೇ ಉಳಿದು, ನೆರೆಮನೆಯ ದುರ್ಗಿಯ ಗಂಡ ಮಾಬ್ಲನಿಂದ ಎಲ್ಲವನ್ನೂ ಕೇಳಿ ತಿಳಿದಳು.

ಮಾಬ್ಲ ಹೇಳಿದ್ದು ಇಷ್ಟು. ಕೊನೆಯಲ್ಲಿ ಉಳಿದವರು ಇಬ್ಬರೇ, ಹಮ್ಮ ಮತ್ತು ಮುಟ್ಟಳ್ಳಿಯ ಕುಪ್ಪ. ಕುಪ್ಪ ಯಾವ ತಾಲೀಮಿನವನೂ ಅಲ್ಲ. ತೆಂಗಿನಕಾಯಿ ತುಂಬಿದ ದೋಣಿಯ ಜೊತೆ ಬಂದವನು, ಕಾಯಿ ಇಳಿಸಿ ಮುಗಿದ ಮೇಲೆ ಇದೇನೆಂದು ನೋಡಲು ನಿಂತಿದ್ದ. ಹೊಟ್ಟೆಯಲ್ಲಿ ತಂಗಳು ಗಂಜಿ, ಒಣಮೀನು. ಅವನು ಗುಂಡನ್ನು ಹೆಗಲಿನ ತನಕ ತಂದ, ಒಗೆಯಲು ಆಗಲಿಲ್ಲ. ಹಮ್ಮ ಒಗೆದ. ಜನ ಕೂಗಿದರು, ಮಾಸ್ತರು ಅತ್ತರು. ಭಟ್ಕಳದ ಸಾಹೇಬರೊಬ್ಬರು, ಮೂರು ತಲೆಮಾರಿನಿಂದ ಒಣಹಣ್ಣಿನ ವ್ಯಾಪಾರ ಮಾಡಿದ ಮನೆತನದವರು, ಬಹುಮಾನವೆಂದು ಒಂದು ಗೋಣಿಚೀಲ ಬದಾಮು ಕೊಟ್ಟರು. ಪೈಲ್ವಾನನಿಗೆ ಇದಕ್ಕಿಂತ ಒಪ್ಪುವ ಬಹುಮಾನ ಇನ್ನೇನು? ಹಮ್ಮ ಎಲ್ಲರೆದುರು ಚೀಲಕ್ಕೆ ಕೈ ಹಾಕಿ ಒಂದನ್ನು ಬಾಯಿಗೆ ಹಾಕಿದ, ಅಗಿದ, ಮುಖ ಹುಳಿ ಮಾಡಿ ಬದಿಗೆ ಉಗಿದ.

“ಸಾಹೇಬ್ರೆ, ನಿಮ್ಗೆ ಯಾರೋ ಮೋಸ ಮಾಡಾರೆ. ಇದು ಬದಾಮಲ್ಲ” ಎಂದು ಹೇಳಿಯೂಬಿಟ್ಟ.

ಸಾಹೇಬರು ದೊಡ್ಡವರು, ಸಿಟ್ಟಾಗಲಿಲ್ಲ. ಹಾಗಾದರೆ ಅಸಲಿ ಹೇಗಿರುತ್ತದೆ ಎಂದು ವಿಚಾರಿಸಿದರು. ಮೆತ್ತಗೆ, ಹಿಟ್ಟುಹಿಟ್ಟಾಗಿ ಇರುತ್ತದೆ, ತಿಂದರೆ ಹೊಟ್ಟೆಯಲ್ಲಿ ಮಾತಾಡುತ್ತದೆ ಎಂದು ಹಮ್ಮ ವಿವರಿಸಿದ. ಸಾಹೇಬರು ಗಡ್ಡ ನೀವಿಕೊಂಡು, ಅಂಥದ್ದನ್ನು ತಾವು ಈ ವಯಸ್ಸಿನವರೆಗೂ ಕಂಡಿಲ್ಲವೆಂದೂ, ಯಾವಾಗಲಾದರೂ ಭಟ್ಕಳಕ್ಕೆ ಬಂದರೆ ಒಂದು ಮುಷ್ಟಿ ತಂದು ತೋರಿಸಬೇಕೆಂದೂ ಹೇಳಿದರು. ಅವರು ಹೇಳಿದ್ದು ಮರ್ಯಾದೆಗೆ. ಬಹುಶಃ ದೋಣಿ ಹತ್ತುವಷ್ಟರಲ್ಲಿ ಮರೆತೂಬಿಟ್ಟಿದ್ದರು. ಹಮ್ಮ ಮರೆಯಲಿಲ್ಲ.

ಅವನು ಊರಿಗೆ ಬಂದ ದಿನ ಹೊಂಡದಲ್ಲಿ ಕೊಡ ಮುಳುಗುತ್ತಿರಲಿಲ್ಲ. ಸೋಮಿ ತೆಂಗಿನ ಕರಟದಿಂದ ಕೆಸರುನೀರು ಗೋರಿ ಗೋರಿ ಕೊಡ ತುಂಬುತ್ತಿದ್ದಳು. ನೀರುಳ್ಳಿಯ ಎಲೆಯ ತುದಿ ಆಗಲೇ ಕೆಂಪಾಗತೊಡಗಿತ್ತು. ಪಂದ್ಯ ಮುಗಿಯಿತು, ಇನ್ನು ಬಾವಿ ಎಂಬ ಒಂದೇ ಮಾತನ್ನು ಹಿಡಿದು ಅವಳು ದಿನ ದೂಡಿದ್ದಳು. ಹಮ್ಮ ಚೀಲವನ್ನು ಜಗಲಿಯಲ್ಲಿ ಒಗೆದು, ಅದು ನಕಲಿ ಮಾಲು, ಕೋಳಿಗೆ ಹಾಕು ಎಂದ. ಅವಳು ಕೈ ತೊಳೆದುಕೊಂಡು ಬಂದು ಕೇಳಿದಳು.

“ಪಂದ್ಯ ಮುಗೀತಲ. ಬಾವಿ ಯಾವಾಗ ತೋಡ್ತ್ರಿ?”

“ಗೇರುಸೊಪ್ಪೆ ಪಂದ್ಯ ಒಂದು ಮುಗೀಲಿ. ಮಾಸ್ತರು ಹೇಳಾರೆ, ಅಲ್ಲೀವರೆಗೆ ಗುದ್ದಲಿ ಮುಟ್ಟೂಕಿಲ್ಲ” ಎಂದ ಹಮ್ಮ. “ಅದಿರ್ಲಿ, ನಮ್ಮನೆ ಬದಾಮು ಒಂದು ಮುಷ್ಟಿ ಕಟ್ಟಿ ಕೊಡು. ಸಾಹೇಬ್ರಿಗೆ ತೋರ್ಸ್ಬೇಕು.”

ಸೋಮಿಗೆ ಅಂಗಾಲಿನಿಂದ ಸಿಟ್ಟು ಏರಿತು. ಒಂದು ಮಾತು ಹೇಳಿ ಜಾರಿಕೊಳ್ಳಬಹುದಿತ್ತು, ಬದಾಮು ಮುಗಿದಿದೆ ಎಂದರೂ ಸಾಕಿತ್ತು. ಆದರೆ ಎರಡು ವರ್ಷ ಅರೆದ ಕೈ, ಇವತ್ತು ಕರಟದಲ್ಲಿ ಕೆಸರು ಗೋರಿದ ಕೈ, ಅದು ಸುಳ್ಳು ಹುಡುಕುವ ಮನಸ್ಸು ಮಾಡಲಿಲ್ಲ. ಒಳಗೆ ಹೋಗಿ ಮೂಲೆಯ ಮಡಕೆ ತಂದು ಅವನ ಮುಂದೆ ಕವುಚಿದಳು. ತಳದಲ್ಲಿ ಉಳಿದಿದ್ದ ಕೆಮ್ಮಣ್ಣು ಮೆತ್ತಿದ ನಾಲ್ಕು ಬೇಳೆ ಉರುಳಿ ಬಿದ್ದವು.

“ಇದೇ ನಿಮ್ಮ ಬದಾಮು. ಹಲಸಿನ ಬೇಳೆ. ಎರಡು ವರ್ಷ ಅರ್ದು ಕೊಟ್ಟದ್ದು ಇದನ್ನೇಯ.”

ಹಮ್ಮ ಮೊದಲು ನಕ್ಕ. ಆಮೇಲೆ ಒಂದು ಬೇಳೆಯನ್ನು ಎತ್ತಿ ಮಣ್ಣು ಒರೆಸಿ ಮೂಸಿ ನೋಡಿದ. ಆಮೇಲೆ ಕೂತ. ಅವನಿಗೆ ಸಿಟ್ಟು ಬಂದಿದ್ದರೆ ಸೋಮಿಗೆ ಚೆನ್ನಾಗಿತ್ತು, ಎದುರಾಡಲು ಅವಳ ಹತ್ತಿರ ಎರಡು ವರ್ಷದ ಮಾತು ತಯಾರಿತ್ತು. ಅವನು ಬೇಳೆಯನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದ.

ಮರುದಿನ ತಾಲೀಮು ಮನೆಯಲ್ಲಿ ಗುಂಡು ಅವನ ಮೊಣಕಾಲಿನಿಂದ ಮೇಲೆ ಏಳಲಿಲ್ಲ. ಹೊನ್ನಾವರದಲ್ಲಿ ಬೆನ್ನಿನ ಹಿಂದಕ್ಕೆ ಒಗೆದ ಅದೇ ತೂಕದ ಗುಂಡು. ಮಾಸ್ತರು ಬಾಯಿ ಬಿಡಿಸಿ ಕೇಳಿದಾಗ ಹಮ್ಮ ಇದ್ದದ್ದನ್ನು ಹೇಳಿದ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರು ಮಾಸ್ತರ ಮುಖವನ್ನು ಆಗ ನೋಡಬೇಕಿತ್ತು. ಹಲಸಿನ ಬೇಳೆಯಿಂದ ಬಂದದ್ದು ಶಕ್ತಿಯಲ್ಲ, ಬರೀ ವಾಯು, ಇಷ್ಟು ದಿನ ಗುಂಡು ಎತ್ತಿದ್ದು ಗಾಳಿ, ಈಗ ಗಾಳಿ ಹೋಯಿತು ಎಂದುಬಿಟ್ಟರು. ಹಮ್ಮ ಮನೆಗೆ ಬಂದು ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಎರಡು ವರ್ಷ ಎತ್ತಿದ್ದು ಸುಳ್ಳಲ್ಲ, ಕಲ್ಲು ಸುಳ್ಳಲ್ಲ, ತೋಳು ಅಲ್ಲೇ ಇದೆ. ಆದರೂ ಒಂದು ಮಾತು ಅಷ್ಟು ದೊಡ್ಡ ಆಳನ್ನು ಉರುಳಿಸಿಬಿಟ್ಟಿತು.

ಸೋಮಿ ಎರಡು ದಿನ ನೋಡಿದಳು. ಎಬ್ಬಿಸಲು ನೋಡಿದಳು, ತಾರ್ಲೆ ಹುಳಿ ಮಾಡಿ ತಲೆದೆಸೆಯಲ್ಲಿ ಇಟ್ಟಳು. ಅವನು ಉಂಡ, ಮತ್ತೆ ಮಲಗಿದ. ಹೇಳಬಾರದಿತ್ತು ಎಂದುಕೊಂಡಳು. ಅಷ್ಟರಲ್ಲಿ ಹೊಂಡ ಪೂರ್ತಿ ಬತ್ತಿತು. ಮೂರನೆಯ ದಿನ ಬೆಳಿಗ್ಗೆ ಅವಳು ಮೂಲೆಯ ಗುದ್ದಲಿ ಎತ್ತಿಕೊಂಡು ಗದ್ದೆಯ ತಲೆಗೆ ಹೋದಳು. ಸುಣ್ಣದ ಗೆರೆ ಮಳೆಗೆ ಯಾವತ್ತೋ ತೊಳೆದುಹೋಗಿತ್ತು, ಆದರೆ ಎಲ್ಲಿತ್ತು ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಗಂಡನನ್ನು ನಾಚಿಸಬೇಕೆಂದು ಅವಳು ಅಗೆದದ್ದಲ್ಲ. ನೀರುಳ್ಳಿ ಸಾಯುತ್ತಿತ್ತು, ಅಷ್ಟೇ.

ಮೇಲೆ ಮರಳು, ಬೇಗ ಹೋಯಿತು. ಆಮೇಲೆ ಕೆಂಪು ಜಿಗುಟು ಮಣ್ಣು. ಸೊಂಟದ ಆಳ ಆಗುವ ತನಕ ಕೇರಿ ಸುಮ್ಮನೆ ನೋಡಿತು, ಆಮೇಲೆ ಬಾಯಿ ಬಿಟ್ಟಿತು. ಹೆಂಗಸು ತೋಡಿದ ಬಾವಿಯ ನೀರು ಉಪ್ಪಾಗುತ್ತದೆ ಎಂದು ಮುದುಕರೊಬ್ಬರು ಬೇಲಿಯ ಆಚೆಯಿಂದ ಹೇಳಿಹೋದರು. ಅವರ ಮನೆಯ ನೀರುಳ್ಳಿಗೆ ಇಷ್ಟು ವರ್ಷ ನೀರು ಹೊತ್ತವರು ಯಾರು ಎಂದು ಸೋಮಿ ಕೇಳಲಿಲ್ಲ. ಅವಳಿಗೆ ಉಸಿರು ಉಳಿಸಿಕೊಳ್ಳುವ ಕೆಲಸವಿತ್ತು. ದುರ್ಗಿ ಒಂದು ಸಂಜೆ ಬಂದು ಮಣ್ಣು ಹೊತ್ತಳು, ಆದರೆ ಅವಳಿಗೂ ಅವಳ ಗದ್ದೆ ಇತ್ತು. ಅಗೆಯುವುದಕ್ಕಿಂತ ಮಣ್ಣು ಮೇಲೆ ಸಾಗಿಸುವುದೇ ಕಷ್ಟವಾಯಿತು. ಬುಟ್ಟಿ ತುಂಬಿ, ತಲೆಯ ಮೇಲೆತ್ತಿ ದಂಡೆಯ ಮೇಲಿಟ್ಟು, ತಾನೂ ಹತ್ತಿ, ಚೆಲ್ಲಿ, ಮತ್ತೆ ಇಳಿಯಬೇಕು.

ಆಳ ಕುತ್ತಿಗೆಗೆ ಬಂದ ದಿನ, ಎತ್ತಿದ ಬುಟ್ಟಿ ದಂಡೆಗೆ ಸಿಕ್ಕದೆ ವಾಲಿ ಮಣ್ಣೆಲ್ಲ ಅವಳ ತಲೆಯ ಮೇಲೇ ಸುರಿಯಿತು. ಕಣ್ಣು ಒರೆಸಿಕೊಂಡು ನೋಡಿದರೆ ದಂಡೆಯ ಮೇಲೆ ಹಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ. ಎಷ್ಟು ಹೊತ್ತಿನಿಂದ ಕೂತಿದ್ದನೋ.

“ಬುಟ್ಟಿ ಇತ್ಲಾಗೆ ಕೊಡು” ಎಂದ.

“ನಿಮ್ಗೆ ಶಕ್ತಿ ಇಲ್ಲಲ” ಎಂದಳು ಸೋಮಿ. ಅವಳು ಚುಚ್ಚಿದ್ದಲ್ಲ, ಅವನಿಗೆ ನಿಜಕ್ಕೂ ಏನೋ ಆಗಿದೆ ಎಂದೇ ಹೆದರಿದ್ದಳು.

“ಬುಟ್ಟಿ ಎತ್ತೂಕೆ ಶಕ್ತಿ ಎಂತಕೆ?”

ಅವಳು ಬುಟ್ಟಿ ತುಂಬಿ ಕೊಟ್ಟಳು. ಅವನು ಒಂದೇ ಕೈಯಲ್ಲಿ ಮೇಲಕ್ಕೆ ಸೆಳೆದು ಚೆಲ್ಲಿ ಬಂದ. ಇನ್ನೊಂದು ಕೊಟ್ಟಳು. ಸಂಜೆಯ ತನಕ ಕೊಟ್ಟಳು. ಮರುದಿನ ಅವನೇ ಒಳಗಿಳಿದು ಅವಳನ್ನು ದಂಡೆಗೆ ಕಳಿಸಿದ. ಮಾಸ್ತರು ನೋಡಿದರೆ ಏನೆಂದಾರು ಎಂಬ ಹೆದರಿಕೆ ಈಗ ಇರಲಿಲ್ಲ. ಶಕ್ತಿಯೇ ಇಲ್ಲದವನಿಗೆ ಚೆಲ್ಲಿಹೋಗುವ ಭಯ ಎಲ್ಲಿಯದು? ಎರಡಾಳು ಆಳದಲ್ಲಿ ಅಡ್ಡಲಾಗಿ ಒಂದು ಜಂಬಿಟ್ಟಿಗೆಯ ಬಂಡೆ ಸಿಕ್ಕಿತು. ಹಮ್ಮ ಅದರ ಸುತ್ತ ಬಿಡಿಸಿ, ಕಾಲು ಅಗಲಿಸಿ, ಅಪ್ಪಿ ಹಿಡಿದು, ಮೊಣಕಾಲಿಗೆ ತಂದ, ಎದೆಗೆ ತಂದ, ಹೆಗಲಿಗೆ ತಂದ, ಗೋಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ ದಂಡೆಯ ಆಚೆ ಹೊತ್ತು ಹಾಕಿದ. ಅದು ಹೊನ್ನಾವರದ ಗುಂಡಿಗಿಂತ ದೊಡ್ಡದಿತ್ತು. ಸೋಮಿ ಕಣ್ಣಿನಲ್ಲೇ ಅಳೆದಳು. ಕಲ್ಲು ಅಡ್ಡ ಬಂದಿತ್ತು ಎಂದು ಹಮ್ಮ ಮೈ ಒರೆಸಿಕೊಂಡು ಮತ್ತೆ ಇಳಿದ.

ಅದರ ಎರಡನೆಯ ದಿನ ಇಳಿಹೊತ್ತಿಗೆ ಅವನ ಕಾಲ್ಬೆರಳಿಗೆ ತಂಪು ತಾಗಿತು. ಗುದ್ದಲಿ ಒತ್ತಿದಲ್ಲಿ ಮಣ್ಣು ಕಣ್ಣು ಬಿಟ್ಟಿತು. ಹಮ್ಮ ಕೂಗಿದ, ಸೋಮಿ ಮೆಟ್ಟಿಲು ಇಳಿದು ಬೊಗಸೆಯಲ್ಲಿ ಮೊಗೆದು, ಕೆಸರು ಕೂರುವ ತನಕವೂ ಕಾಯದೆ ಬಾಯಿಗೆ ಹಾಕಿಕೊಂಡಳು. ಉಪ್ಪಿರಲಿಲ್ಲ, ಸಿಹಿ. ಅವಳು ಅಲ್ಲೇ ಕೂತು ಅತ್ತಳು. ಹಮ್ಮ ಏನು ಮಾಡುವುದೆಂದು ತಿಳಿಯದೆ ಕೊಡ ತಂದು, ತುಂಬಿ, ಎದುರಿನ ಸಾಲಿಗೆ ಹುಯ್ಯತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಹಳೆಯ ಪದದ ಗುನುಗು ಕೇಳಿಸಿತು.

ಅಂದು ಅಡಿಗೆಗೆ ಮನೆಯಲ್ಲಿ ಏನೂ ಇರಲಿಲ್ಲ. ಅಷ್ಟು ದಿನ ಪೇಟೆಗೆ ಹೋಗದೆ ಮೀನೂ ಇಲ್ಲ, ಹುರಳಿಯ ಡಬ್ಬ ಖಾಲಿ, ಹಲಸಿನ ಮಡಕೆ ಬರಿದು, ಹೊಸ ಹಲಸು ಇನ್ನೂ ಮರದಲ್ಲಿ ಎಳೆಗಾಯಿ. ಹಿಡಿಯಷ್ಟು ಒಣಚಟ್ಲಿ, ಅಂದರೆ ಒಣಗಿಸಿದ ಸಿಗಡಿ, ಇತ್ತು. ಕತ್ತು ತಿರುಗಿಸಿದರೆ ಜಗಲಿಯ ಮೂಲೆಯಲ್ಲಿ ಸಾಹೇಬರ ಗೋಣಿಚೀಲ. ಕೋಳಿಗಳು ಅದನ್ನು ಕುಕ್ಕಿ ನೋಡಿ ಬೇಡವೆಂದು ಬಿಟ್ಟಿದ್ದವು. ಗಂಡ ನಕಲಿ ಎಂದರೇನು, ಬೀಜ ಬೀಜವೇ ಎಂದು ಸೋಮಿ ಎರಡು ಮುಷ್ಟಿ ತೆಗೆದು ಬೇಯಿಸಿ, ಕಂದು ಸಿಪ್ಪೆ ಜಾರಿಸಿ, ಕಾಯಿ ಮಸಾಲೆ ಅರೆದು, ಒಣಚಟ್ಲಿ ಸೇರಿಸಿ, ಒಣಗದೆ ಉಳಿದ ಸಾಲಿನಿಂದ ಕಿತ್ತ ಎರಡು ನೀರುಳ್ಳಿ ಹೆಚ್ಚಿ ಹಾಕಿ, ಹಲಸಿನ ಬೇಳೆಯ ಪಲ್ಯವನ್ನು ಹೇಗೆ ಮಾಡುತ್ತಿದ್ದಳೋ ಹಾಗೆಯೇ ಮಾಡಿದಳು. ಒಂದನ್ನು ತಾನು ಬಾಯಿಗೆ ಹಾಕಿ ನೋಡಿದಳು. ಬೇಳೆಯಷ್ಟು ರುಚಿಯಿಲ್ಲ, ಆದರೂ ಪರವಾಗಿಲ್ಲ ಅನ್ನಿಸಿತು.

ಹಮ್ಮ ಕೈಕಾಲು ತೊಳೆದು ಬಂದು ಕೂತ. ಮೊದಲ ತುತ್ತು ಬಾಯಿಗಿಟ್ಟು, ಎರಡು ವರ್ಷದ ಹಿಂದಿನ ಹಾಗೆಯೇ ಕಣ್ಣು ಮುಚ್ಚಿದ. ಅಗಿದು ನುಂಗಿ, ಬಟ್ಟಲು ಮುಂದಕ್ಕೆ ಸರಿಸಿ, ತಾನು ಸೋತದ್ದನ್ನು ಒಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ.

“ಹಲಸಿನ ಬೇಳೆ ಅಂದ್ರೆ ಇದು ಕಾಣು. ಇದ್ರ ಮುಂದೆ ಆ ಬದಾಮು ಎಂತ ಮಾಡೂಕೆ?”

ಸೋಮಿ ನಿಜ ಹೇಳಲು ಬಾಯಿ ತೆರೆದಳು. ಆಗ ಅವಳಿಗೆ ಹಿಂದಿನ ನಿಜ ನೆನಪಾಯಿತು, ಅದು ಅವನನ್ನು ಚಾಪೆಗೆ ಕೆಡವಿದ್ದು ನೆನಪಾಯಿತು. ಹೊರಗೆ ಬಾವಿಗೆ ಇನ್ನೂ ಕಲ್ಲು ಕಟ್ಟುವುದು ಪೂರ್ತಿ ಬಾಕಿಯಿತ್ತು. ಅವಳು ಬಾಯಿ ಮುಚ್ಚಿಕೊಂಡು ಇನ್ನೊಂದು ಸೌಟು ಬಡಿಸಿದಳು.